ಮಳೆ ಪುಸ್ತಕದ ಲೆಕ್ಕ ಪೈಥಾನ್‌ನಲ್ಲಿ: ಲಿಸ್ಟ್ ಇರುವಾಗ ಟ್ಯೂಪಲ್ ಏಕೆ ಬೇಕು?

ಪ್ರಶ್ನೆ: ಕಾಫಿಕಣ

ನಮಸ್ಕಾರ. ಸಕಲೇಶಪುರದ ಹತ್ತಿರ ನಮ್ಮದೊಂದು ಕಾಫಿ ತೋಟವಿದೆ. ಅಪ್ಪ ದಿನವೂ ಬೆಳಿಗ್ಗೆ ಎಂಟೂವರೆಗೆ ಮಳೆ ಮಾಪಕ ನೋಡಿ ಪುಸ್ತಕದಲ್ಲಿ ಬರೆದಿಡುತ್ತಾರೆ. ನಮ್ಮ ಕಡೆಯ ತೋಟಗಳಲ್ಲಿ ಮಿಲಿಮೀಟರ್ ಮಾತು ಕಡಿಮೆ. ಇಂಚು, ಸೆಂಟು ಎಂದೇ ಹೇಳುತ್ತೇವೆ. ನೂರು ಸೆಂಟಿಗೆ ಒಂದು ಇಂಚು. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವ ವರ್ಷ ಯಾವ ದಿನ ಬಿತ್ತು, ಅದಾದ ಮೇಲೆ ಬ್ಯಾಕಿಂಗ್ ಮಳೆ (ಹೂ ಕಾಯಿಕಟ್ಟಲು ಬೇಕಾದ ಮುಂದಿನ ಮಳೆ) ಎಷ್ಟು ದಿನಕ್ಕೆ ಬಂತು ಎಂದು ಹುಡುಕಬೇಕಾದರೆ ಪುಟ ತಿರುವುತ್ತಾ ಕೂರಬೇಕು. ಅದನ್ನೆಲ್ಲ ಪೈಥಾನ್‌ಗೆ ಹಾಕೋಣವೆಂದು ಹೊರಟಿದ್ದೇನೆ. ಪೈಥಾನ್ ಕಲಿಯುತ್ತಿರುವುದೂ ಇದೇ ನೆಪದಲ್ಲಿ.

ಒಂದು ಡಿಕ್ಷನರಿ (ಕೀ ಕೊಟ್ಟರೆ ಅದರ ಎದುರಿಗೆ ಇಟ್ಟದ್ದನ್ನು ಕೊಡುವ ಪಟ್ಟಿ) ಮಾಡಿ, ಬ್ಲಾಕಿನ (ತೋಟದ ಒಂದು ಭಾಗದ) ಹೆಸರು ಮತ್ತು ತಾರೀಖನ್ನು ಕೀ ಆಗಿ ಇಡಲು ಹೀಗೆ ಬರೆದೆ:

ಮಳೆ = {}
ಮಳೆ[["ಹಳ್ಳದ ಬ್ಲಾಕ್", 2023, 4, 17]] = [1, 35]

ಲಿಸ್ಟನ್ನು ಹ್ಯಾಶ್ ಮಾಡಲಾಗದು ಎಂಬ ಅರ್ಥದ ಟೈಪ್ ಎರರ್ ಬಂತು. ಗೆಳತಿಯೊಬ್ಬಳು ಒಳಗಿನ ಚೌಕ ಆವರಣ ತೆಗೆದು ದುಂಡು ಆವರಣ ಹಾಕು ಎಂದಳು. ಹಾಕಿದೆ, ಕೆಲಸ ಮಾಡಿತು. ಆದರೆ ಏಕೆ ಎಂದು ಗೊತ್ತಾಗಲಿಲ್ಲ. ನೋಡಿದ ಪಾಠಗಳಲ್ಲೆಲ್ಲ "ಟ್ಯೂಪಲ್ ಎಂದರೆ ಬದಲಾಯಿಸಲಾಗದ ಲಿಸ್ಟ್" ಎಂಬ ಒಂದೇ ಸಾಲು ಇದೆ. ಲಿಸ್ಟ್ ಮಾಡುವ ಕೆಲಸದಲ್ಲಿ ಅರ್ಧವನ್ನೂ ಮಾಡದ ವಸ್ತುವನ್ನು ಬೇರೆ ಇಟ್ಟುಕೊಂಡಿರುವುದು ಏಕೆ?

ಇನ್ನೆರಡು ಸಂದೇಹಗಳಿವೆ. ಎರಡು ದಿನದ ಮಳೆ ಕೂಡಿಸೋಣವೆಂದು (1, 90) + (1, 35) ಎಂದು ಕೊಟ್ಟರೆ (1, 90, 1, 35) ಬರುತ್ತದೆ, 3 ಇಂಚು 25 ಸೆಂಟು ಬರುವುದಿಲ್ಲ. ಹಾಗೆಯೇ, ಒಂದೇ ಹೆಸರನ್ನು ದುಂಡು ಆವರಣದಲ್ಲಿ ಇಟ್ಟರೆ ಅದು ಟ್ಯೂಪಲ್ ಆಗುವುದೇ ಇಲ್ಲ. ಬಲ್ಲವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ವೇಗದೂತ

ಮುಖ್ಯ ಕಾರಣ ಜಾಗ ಮತ್ತು ವೇಗ. ಪೈಥಾನ್ 3.12ರಲ್ಲಿ, 64 ಬಿಟ್ ಯಂತ್ರದ ಮೇಲೆ, ಖಾಲಿ ಟ್ಯೂಪಲ್ 40 ಬೈಟ್ ತೆಗೆದುಕೊಳ್ಳುತ್ತದೆ, ಖಾಲಿ ಲಿಸ್ಟ್ 56 ಬೈಟ್. ಲಿಸ್ಟ್ ಮುಂದೆ ಬೆಳೆಯಬಹುದಾದ್ದರಿಂದ ಅಪೆಂಡ್ ಮಾಡುವಾಗ (ಕೊನೆಗೆ ಸೇರಿಸುವಾಗ) ಹೆಚ್ಚುವರಿ ಜಾಗವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಟ್ಯೂಪಲ್‌ನ ಉದ್ದ ಹುಟ್ಟುವಾಗಲೇ ನಿಶ್ಚಿತ, ಆದ್ದರಿಂದ ಬೇಕಾದಷ್ಟೇ ಜಾಗ ಸಾಕು. ಅಂಕಿಗಳಿಂದ, ಸ್ಟ್ರಿಂಗ್‌ಗಳಿಂದಷ್ಟೇ ಆದ ಟ್ಯೂಪಲ್ ಕೋಡಿನಲ್ಲಿದ್ದರೆ, ಆ ಸಾಲು ಓಡಿದಾಗಲೆಲ್ಲ ಪೈಥಾನ್ ಅದನ್ನು ಹೊಸದಾಗಿ ಕಟ್ಟುವುದಿಲ್ಲ. ಮೊದಲೇ ಸಿದ್ಧವಾಗಿಟ್ಟದ್ದನ್ನು ಎತ್ತಿಕೊಡುತ್ತದೆ. ಬದಲಾಗದ ಪಟ್ಟಿಗಳಿಗೆಲ್ಲ ಟ್ಯೂಪಲ್ ಬಳಸಿ. ಮಳೆ ನಕ್ಷತ್ರಗಳ ಹೆಸರುಗಳಿಗೂ ಅದೇ ಸರಿ.

ಉತ್ತರ: ಲ್ಯಾಬ್ ಮೇಷ್ಟ್ರು

ಕಾಫಿಕಣ ಅವರೇ, ವೇಗದೂತ ಅವರು ಹೇಳಿದ ಅಂಕಿಗಳು ಸರಿಯಾಗಿವೆ. ಆದರೆ ನಿಮ್ಮ ಮಳೆ ಪುಸ್ತಕಕ್ಕೆ ಹದಿನಾರು ಬೈಟಿನ ಉಳಿತಾಯದಿಂದ ಏನೂ ಆಗಬೇಕಾಗಿಲ್ಲ. ನಾನು ಡಿಪ್ಲೊಮಾ ಮಕ್ಕಳಿಗೆ ಪೈಥಾನ್ ಲ್ಯಾಬ್ ತೆಗೆದುಕೊಳ್ಳುತ್ತೇನೆ. "ಬದಲಾಯಿಸಲಾಗದ ಲಿಸ್ಟ್" ಎಂಬ ಆ ಒಂದು ಸಾಲನ್ನು ಪಾಠದಿಂದ ತೆಗೆದು ಹಾಕಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ಸುಳ್ಳಲ್ಲ; ಆದರೆ ಅದನ್ನು ಮೊದಲು ಕೇಳಿದ ವಿದ್ಯಾರ್ಥಿ ನಿಮ್ಮ ಹಾಗೆಯೇ "ಹಾಗಾದರೆ ಇದೇಕೆ" ಎಂದು ಕೇಳುತ್ತಾನೆ, ಉತ್ತರ ಸಿಗದೆ ಟ್ಯೂಪಲ್ ಬಳಸುವುದನ್ನೇ ಬಿಡುತ್ತಾನೆ.

ನಿಮ್ಮ ಪುಸ್ತಕದ ಒಂದು ಸಾಲನ್ನೇ ನೋಡಿ. 1 ಇಂಚು 35 ಸೆಂಟು ಎಂಬುದು ಎರಡು ವಸ್ತುಗಳ ಪಟ್ಟಿಯಲ್ಲ. ಅದು ಒಂದೇ ಅಳತೆ, ಅದಕ್ಕೆ ಎರಡು ಭಾಗಗಳಿವೆ. ಮೊದಲ ಸ್ಥಾನದಲ್ಲಿ ಕೂತದ್ದು ಇಂಚು, ಎರಡನೆಯ ಸ್ಥಾನದಲ್ಲಿ ಕೂತದ್ದು ಸೆಂಟು. ಸ್ಥಾನ ಅದಲುಬದಲಾದರೆ ಅಳತೆಯೇ ಬೇರೆಯಾಗುತ್ತದೆ. ಮೂರನೆಯ ಅಂಕಿಯೊಂದನ್ನು ಕೊನೆಗೆ ಸೇರಿಸಿದರೆ ಅದಕ್ಕೆ ಅರ್ಥವೇ ಇಲ್ಲ. ಏಪ್ರಿಲ್ ತಿಂಗಳ ಎಲ್ಲ ದಿನಗಳ ಅಳತೆಗಳನ್ನು ಒಟ್ಟಿಗೆ ಇಟ್ಟರೆ ಮಾತ್ರ ಅದು ಲಿಸ್ಟ್: ಒಂದೇ ಜಾತಿಯ ಹಲವು ವಸ್ತುಗಳು, ಇವತ್ತು ಹದಿನೇಳಿದ್ದರೆ ನಾಳೆ ಹದಿನೆಂಟು.

ಏಪ್ರಿಲ್ = [(0, 40), (1, 35), (0, 5)]

ಹೊರಗೆ ಚೌಕ, ಒಳಗೆ ದುಂಡು. ಈ ಒಂದು ಸಾಲು ಕಣ್ಣಿಗೆ ಕಟ್ಟಿದರೆ ಟ್ಯೂಪಲ್‌ನ ಬಹುಪಾಲು ಅರ್ಥವಾದಂತೆ. ಬದಲಾಯಿಸಲಾಗದು ಎಂಬ ಗುಣ ಇಲ್ಲಿಂದಲೇ ಬರುತ್ತದೆ. ಒಂದು ಅಳತೆಯ ಅರ್ಧವನ್ನು ತೆಗೆದು ಬೇರೆ ಅರ್ಧ ಜೋಡಿಸುವುದು ಸಹಜವಾದ ಕೆಲಸವಲ್ಲ. ಅಳತೆ ಬೇರೆಯಾದರೆ ಬೇರೆ ಅಳತೆಯನ್ನೇ ಬರೆಯುತ್ತೇವೆ. ಟ್ಯೂಪಲ್‌ಗೆ ಇರುವ ಸಾಮಾನ್ಯ ಮೆಥಡ್‌ಗಳು ಎರಡೇ, ಕೌಂಟ್ ಮತ್ತು ಇಂಡೆಕ್ಸ್. ಸೇರಿಸುವ, ಅಳಿಸುವ, ತಿರುವಿ ಹಾಕುವ ಮೆಥಡ್‌ಗಳು ಒಂದೂ ಇಲ್ಲ, ಏಕೆಂದರೆ ಅವು ಇಲ್ಲಿ ಬೇಕಾಗಿಲ್ಲ.

ಈ ವಿಂಗಡಣೆ ಪೈಥಾನ್‌ಗಿಂತ ಹಳೆಯದು. ಗಿಡೊ ವಾನ್ ರೋಸಮ್ ಅವರು ಪೈಥಾನ್ ಕೆಲಸವನ್ನು 1989ರ ಡಿಸೆಂಬರಿನಲ್ಲಿ ಶುರುಮಾಡಿ, 1991ರ ಫೆಬ್ರವರಿಯಲ್ಲಿ ಮೊದಲ ಬಾರಿಗೆ ಹೊರಗೆ ಬಿಟ್ಟರು. ಅದಕ್ಕೂ ಮುನ್ನ ಅವರು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಎಂಬ ಗಣಿತ, ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಲ್ಲಿ ಎಬಿಸಿ ಎಂಬ ಭಾಷೆಯ ತಂಡದಲ್ಲಿದ್ದರು. ಎಬಿಸಿಯಲ್ಲಿ ಇದ್ದದ್ದೇ ಐದು ಬಗೆಯ ದತ್ತಾಂಶ: ಸಂಖ್ಯೆ, ಪಠ್ಯ, ಕಾಂಪೌಂಡ್, ಲಿಸ್ಟ್, ಟೇಬಲ್. ಅಷ್ಟು ಜಿಪುಣತನದಿಂದ ಕಟ್ಟಿದ ಭಾಷೆಯೂ ಕಾಂಪೌಂಡ್ ಮತ್ತು ಲಿಸ್ಟ್ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಂಡಿತ್ತು. ಕಾಂಪೌಂಡ್ ಎಂದರೆ ಭಾಗಗಳಿಗೆ ಹೆಸರಿಲ್ಲದ ದಾಖಲೆ. ಪೈಥಾನ್ ಟ್ಯೂಪಲ್ ಕೂಡ ಅದೇ ದಾರಿಯದು.

ಈಗ ನಿಮ್ಮ ಕೂಡುವ ಸಂದೇಹಕ್ಕೆ ಬರೋಣ, ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಅದು. (1, 90) + (1, 35) ಎಂದಾಗ ಪೈಥಾನ್ ಎರಡನ್ನೂ ಒಂದರ ಹಿಂದೆ ಒಂದು ಜೋಡಿಸಿತು. ಅದು 3 ಇಂಚು 25 ಸೆಂಟು ಎಂದು ಹೇಳಬೇಕಾದರೆ ನೂರು ಸೆಂಟಿಗೆ ಒಂದು ಇಂಚು ಎಂಬುದು ಅದಕ್ಕೆ ಗೊತ್ತಿರಬೇಕು. ಅದೇ (2, 35) ಎಂಬುದು ಪಹಣಿಯಲ್ಲಿರುವ 2 ಎಕರೆ 35 ಗುಂಟೆಯೂ ಆಗಿರಬಹುದು, ಆಗ ನಲವತ್ತಕ್ಕೇ ಒಂದು ಎಕರೆ. ಸರ್ವೆ ನಂಬರ್ ಮತ್ತು ಹಿಸ್ಸಾ ಆಗಿದ್ದರೆ ಕೂಡುವ ಮಾತೇ ಇಲ್ಲ. ಸ್ಥಾನಕ್ಕೆ ಅರ್ಥವಿದೆ ಎಂದು ಟ್ಯೂಪಲ್ ಒಪ್ಪಿಕೊಳ್ಳುತ್ತದೆ, ಆ ಅರ್ಥ ಏನೆಂದು ಮಾತ್ರ ಅದಕ್ಕೆ ತಿಳಿದಿಲ್ಲ. ಅದನ್ನು ನಾವು ಹೇಳಬೇಕು:

ಇಂಚು1, ಸೆಂಟು1 = (1, 90)
ಇಂಚು2, ಸೆಂಟು2 = (1, 35)
ಒಟ್ಟು = (ಇಂಚು1 + ಇಂಚು2) * 100 + ಸೆಂಟು1 + ಸೆಂಟು2
ಮೊತ್ತ = ಒಟ್ಟು // 100, ಒಟ್ಟು % 100

ಒಟ್ಟು 325 ಆಗುತ್ತದೆ, ಮೊತ್ತ (3, 25). ಎಕರೆ ಗುಂಟೆಗೆ ಇದನ್ನೇ ಬರೆಯಬೇಕಾದರೆ 100 ಇದ್ದಲ್ಲೆಲ್ಲ 40 ಹಾಕಿದರೆ ಮುಗಿಯಿತು. ಕೊನೆಯ ಸಾಲಿನ ಕೆಲಸವನ್ನು ಡಿವ್‌ಮಾಡ್ ಎಂಬ ಸಿದ್ಧ ಫಂಕ್ಷನ್ ಒಂದೇ ಏಟಿಗೆ ಮಾಡುತ್ತದೆ, ಭಾಗಲಬ್ಧ ಮತ್ತು ಶೇಷ ಎರಡನ್ನೂ ಟ್ಯೂಪಲ್ ಆಗಿಯೇ ಕೊಡುತ್ತದೆ. ಒಂದು ಫಂಕ್ಷನ್ ಎರಡು ಉತ್ತರ ಕೊಡುತ್ತದೆ ಎಂದು ನಾವು ಹೇಳುವುದೆಲ್ಲ ಹೀಗೆಯೇ. ಹೊರಗೆ ಬರುವುದು ಒಂದೇ ವಸ್ತು, ಅದನ್ನು ಬಿಡಿಸಿಕೊಳ್ಳುವುದು ನಾವು. ಮೇಲಿನ ಮೊದಲ ಎರಡು ಸಾಲುಗಳಲ್ಲಿ ನಡೆದದ್ದೂ ಅದೇ ಬಿಡಿಸುವಿಕೆ.

(ಕೋಡಿನಲ್ಲಿ ಕನ್ನಡದ ಹೆಸರುಗಳನ್ನು ಕಂಡು ಅಚ್ಚರಿಪಡಬೇಡಿ. 2008ರಲ್ಲಿ ಬಂದ ಪೈಥಾನ್ 3.0ರಿಂದಲೇ ವೇರಿಯಬಲ್ ಹೆಸರನ್ನು ಕನ್ನಡ ಲಿಪಿಯಲ್ಲಿ ಇಡಬಹುದು. ನನ್ನ ಲ್ಯಾಬಿನಲ್ಲಿ ಮೊದಲ ವಾರ ಹೀಗೆಯೇ ಬರೆಸುತ್ತೇನೆ. ಯಾವುದು ಭಾಷೆಯ ಸ್ವಂತ ಪದ, ಯಾವುದು ತಾವು ಇಟ್ಟ ಹೆಸರು ಎಂಬುದು ಮಕ್ಕಳಿಗೆ ಕೂಡಲೇ ಬೇರ್ಪಟ್ಟು ಕಾಣುತ್ತದೆ.)

ಕೂಡುವುದು ನಾವೇ ಮಾಡಬೇಕಾದರೂ ಹೋಲಿಕೆ ಪುಕ್ಕಟೆಯಾಗಿ ಸಿಗುತ್ತದೆ. (2, 5) > (1, 90) ಎಂದು ಕೇಳಿದರೆ ನಿಜ ಎಂಬ ಉತ್ತರವೇ ಬರುತ್ತದೆ. ಮೊದಲ ಸ್ಥಾನಗಳನ್ನು ಹೋಲಿಸಿ, ಅವು ಸಮವಾಗಿದ್ದರೆ ಮಾತ್ರ ಎರಡನೆಯದಕ್ಕೆ ಹೋಗುತ್ತದೆ. ಆದ್ದರಿಂದ ನಿಮ್ಮ ತಾರೀಖನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಇಟ್ಟಿರುವುದು ಬಹಳ ಒಳ್ಳೆಯದಾಯಿತು. (2022, 6, 23) ತಾನಾಗಿಯೇ (2023, 4, 17)ರ ಮುಂಚೆ ಬರುತ್ತದೆ. ನಾವು ಮಾತಿನಲ್ಲಿ ಹೇಳುವಂತೆ ದಿನ, ತಿಂಗಳು, ವರ್ಷ ಎಂದು ಇಟ್ಟಿದ್ದರೆ 17 ಮತ್ತು 23ರ ಹೋಲಿಕೆಯಲ್ಲೇ ತೀರ್ಮಾನವಾಗಿ ವಿಂಗಡಣೆ ಕೆಡುತ್ತಿತ್ತು.

ಕೀ ಆಗಿ ಲಿಸ್ಟ್ ಏಕೆ ಆಗದು? ಡಿಕ್ಷನರಿ ತನ್ನ ಕೀಗಳನ್ನು ಒಂದೊಂದಾಗಿ ತಡಕುವುದಿಲ್ಲ. ಕೀಯಿಂದ ಹ್ಯಾಶ್ ಎಂಬ ಪೂರ್ಣಾಂಕವೊಂದನ್ನು ಲೆಕ್ಕಹಾಕಿ, ಆ ಅಂಕಿ ತೋರಿಸಿದ ಖಾನೆಗೆ ನೇರವಾಗಿ ಹೋಗುತ್ತದೆ. ಕೀ ಒಳಗೆ ಹೋದ ಮೇಲೆ ಅದರೊಳಗಿನ 17 ಅನ್ನು ಯಾರಾದರೂ 18 ಮಾಡಿದರೆಂದು ಇಟ್ಟುಕೊಳ್ಳಿ. ಈಗ 18ರ ಹ್ಯಾಶ್ ಬೇರೊಂದು ಖಾನೆ ತೋರಿಸುತ್ತದೆ, ಅಲ್ಲಿ ಏನೂ ಇಲ್ಲ. 17ರ ಹ್ಯಾಶ್ ಸರಿಯಾದ ಖಾನೆಯನ್ನೇ ತೋರಿಸುತ್ತದೆ, ಆದರೆ ಅಲ್ಲಿರುವ ಕೀ 17 ಅಲ್ಲ. ಮಳೆ ಡಿಕ್ಷನರಿಯಲ್ಲೇ ಇದೆ, ಆದರೆ ಯಾವ ಹೆಸರಿನಿಂದ ಕರೆದರೂ ಸಿಗುವುದಿಲ್ಲ. ಇಂಥ ತಪ್ಪನ್ನು ಹುಡುಕುವುದು ಬಹಳ ಕಷ್ಟ. ಅದಕ್ಕಾಗಿಯೇ ಪೈಥಾನ್ ಲಿಸ್ಟನ್ನು ಬಾಗಿಲಲ್ಲೇ ತಡೆಯುತ್ತದೆ. ಟ್ಯೂಪಲ್‌ನ ಹ್ಯಾಶ್ ಅದರ ಭಾಗಗಳ ಹ್ಯಾಶ್‌ಗಳಿಂದ ಹುಟ್ಟುತ್ತದೆ. ಭಾಗಗಳಲ್ಲಿ ಒಂದು ಲಿಸ್ಟ್ ಆಗಿದ್ದರೆ ಆ ಟ್ಯೂಪಲ್‌ಗೂ ಹ್ಯಾಶ್ ಇಲ್ಲ, ಅದೂ ಕೀ ಆಗಲಾರದು.

ಕೊನೆಯದು ಒಂಟಿ ಹೆಸರಿನ ವಿಚಾರ. ಟ್ಯೂಪಲ್ ಮಾಡುವುದು ಆವರಣವಲ್ಲ, ಅಲ್ಪವಿರಾಮ. ("ಹಳ್ಳದ ಬ್ಲಾಕ್") ಎಂಬುದು ಆವರಣದೊಳಗಿನ ಸ್ಟ್ರಿಂಗ್ ಅಷ್ಟೇ, (3 + 4) ಎಂದು ಬರೆದ ಹಾಗೆ. ("ಹಳ್ಳದ ಬ್ಲಾಕ್",) ಎಂದರೆ ಟ್ಯೂಪಲ್. ಖಾಲಿ ಟ್ಯೂಪಲ್ ಮಾತ್ರ ಬರೀ ಆವರಣದಿಂದ ಆಗುತ್ತದೆ. ಇದರ ಲಾಭವೆಂದರೆ ನಿಮ್ಮ ಕೀಗೆ ಒಳ ಆವರಣವೇ ಬೇಡ:

ಮಳೆ["ಹಳ್ಳದ ಬ್ಲಾಕ್", 2023, 4, 17] = (1, 35)

ನಷ್ಟವೂ ಇದೆ. ಅಳಿಸಲು ಮರೆತ ಅಲ್ಪವಿರಾಮ ಸದ್ದಿಲ್ಲದೆ ಟ್ಯೂಪಲ್ ಆಗುತ್ತದೆ:

ಸೆಂಟು = 35,
ಇಮ್ಮಡಿ = ಸೆಂಟು * 2

ಇಮ್ಮಡಿ 70 ಆಗುವುದಿಲ್ಲ, (35, 35) ಆಗುತ್ತದೆ. ಎರರ್ ಬರುವುದಿಲ್ಲ. ಲ್ಯಾಬಿನಲ್ಲಿ ಮಕ್ಕಳು ಅರ್ಧ ಗಂಟೆ ತಲೆ ಕೆರೆದುಕೊಳ್ಳುವ ಜಾಗ ಇದು, ನಿಮಗೆ ಮೊದಲೇ ಗೊತ್ತಿರಲಿ.

ಪ್ರತಿಕ್ರಿಯೆ: ಕಾಫಿಕಣ

ಮೇಷ್ಟ್ರೇ, ಎಕರೆ ಗುಂಟೆಯ ಉದಾಹರಣೆಯಿಂದ ಕೂಡುವ ವಿಷಯ ಪೂರ್ತಿ ತಿಳಿಯಿತು. ಆದರೆ ಒಂದು ತೊಡಕು ಉಳಿದಿದೆ. ಹಳೆಯ ಪುಸ್ತಕದ ಕೆಲವು ಪುಟಗಳಿಗೆ ನೀರು ತಾಗಿ 3 ಯಾವುದು 5 ಯಾವುದು ಎಂದು ಗೊತ್ತಾಗುವುದಿಲ್ಲ. ಈಗ 1 ಇಂಚು 35 ಎಂದು ಹಾಕಿ, ಆಮೇಲೆ ಅಪ್ಪನನ್ನು ಕೇಳಿದಾಗ ಅದು 1 ಇಂಚು 55 ಎಂದಾದರೆ ತಿದ್ದುವುದು ಹೇಗೆ? ಟ್ಯೂಪಲ್ ಬದಲಾಗುವುದಿಲ್ಲವಲ್ಲ. ಅಲ್ಲದೆ ಒಂದೇ ದಿನ ಎರಡು ಸಲ ಅಳೆದ ದಿನಗಳಿವೆ. ಅದಕ್ಕೆ ಟ್ಯೂಪಲ್ ಒಳಗೆ ಲಿಸ್ಟ್ ಇಡಬಹುದೇ?

ಇನ್ನೊಂದು ಮಾತು. ಗೆಳತಿ 1.35 ಎಂದು ದಶಮಾಂಶವಾಗಿಯೇ ಬರೆದುಬಿಡು ಎನ್ನುತ್ತಾಳೆ.

ಉತ್ತರ: ಲ್ಯಾಬ್ ಮೇಷ್ಟ್ರು

ಗೆಳತಿ ಹೇಳಿದ್ದರಲ್ಲಿ ಹುರುಳಿದೆ. ಮಳೆಯ ಮಟ್ಟಿಗೆ ನೂರರ ಲೆಕ್ಕ ಇರುವುದರಿಂದ ದಶಮಾಂಶ ನಡೆಯುತ್ತದೆ. ಎಲ್ಲವನ್ನೂ ಸೆಂಟಿಗೆ ಇಳಿಸಿ 135 ಎಂಬ ಪೂರ್ಣಾಂಕವಾಗಿ ಇಟ್ಟರೆ ಇನ್ನೂ ಚೆನ್ನ, ದಶಮಾಂಶದ ಸಣ್ಣಪುಟ್ಟ ಏರುಪೇರೂ ಇರುವುದಿಲ್ಲ. ಹವಾಮಾನ ಇಲಾಖೆಯ ಅಂಕಿಗಳ ಜೊತೆ ಹೋಲಿಸುವಾಗ ಒಂದು ಸೆಂಟಿಗೆ 0.254 ಮಿಲಿಮೀಟರ್ ಎಂದು ಗುಣಿಸಿದರೆ ಆಯಿತು. ಆದರೆ ಪುಸ್ತಕದಿಂದ ನಕಲು ಮಾಡುವಾಗ ಎಚ್ಚರ ಬೇಕು. 1 ಇಂಚು 5 ಸೆಂಟನ್ನು ಅವಸರದಲ್ಲಿ 1.5 ಎಂದು ಹೊಡೆದರೆ ನಲವತ್ತೈದು ಸೆಂಟು ಮಳೆ ಸುಮ್ಮನೆ ಹೆಚ್ಚಾಗುತ್ತದೆ. (1, 5) ಎಂದು ಪುಸ್ತಕದಲ್ಲಿ ಇದ್ದ ಹಾಗೆಯೇ ಬರೆದುಕೊಂಡು, ಲೆಕ್ಕವನ್ನು ಯಂತ್ರಕ್ಕೆ ಬಿಡುವುದು ನನಗೆ ಹೆಚ್ಚು ನಂಬಿಕೆಯ ದಾರಿಯಾಗಿ ಕಾಣುತ್ತದೆ.

ತಿದ್ದುವುದು ಸುಲಭ:

ಮಳೆ["ಹಳ್ಳದ ಬ್ಲಾಕ್", 2023, 4, 17] = (1, 55)

ಇಲ್ಲಿ (1, 35) ಎಂಬ ಟ್ಯೂಪಲ್ ಬದಲಾಗಲಿಲ್ಲ. ಡಿಕ್ಷನರಿ ಆ ಕೀಯ ಎದುರಿಗೆ ಈಗ ಬೇರೆ ಟ್ಯೂಪಲ್ ಇಟ್ಟುಕೊಂಡಿತು. ಬದಲಾಗದಿರುವುದು ವಸ್ತು; ಹೆಸರನ್ನು, ಖಾನೆಯನ್ನು ಬೇರೆ ವಸ್ತುವಿಗೆ ತಿರುಗಿಸಲು ಯಾವ ಅಡ್ಡಿಯೂ ಇಲ್ಲ.

ಟ್ಯೂಪಲ್ ಒಳಗೆ ಲಿಸ್ಟ್ ಇಡಲು ಪೈಥಾನ್ ಬಿಡುತ್ತದೆ. ಇಡಬೇಡಿ ಎಂದು ನಾನು ಹೇಳುತ್ತೇನೆ. ಕಾರಣವನ್ನು ನೀವೇ ಓಡಿಸಿ ನೋಡಿ:

ದಾಖಲೆ = ("ಹಳ್ಳದ ಬ್ಲಾಕ್", [35, 20])
ದಾಖಲೆ[1] += [50]

ಟ್ಯೂಪಲ್‌ನ ಭಾಗಕ್ಕೆ ಹೊಸದನ್ನು ಹಾಕಲಾಗದು ಎಂದು ಟೈಪ್ ಎರರ್ ಬರುತ್ತದೆ. ಆಮೇಲೆ ದಾಖಲೆಯನ್ನು ತೆರೆದು ನೋಡಿದರೆ ಲಿಸ್ಟ್ [35, 20, 50] ಆಗಿರುತ್ತದೆ! ಎರರ್ ಬಂದಿದೆ, ಕೆಲಸವೂ ಆಗಿದೆ. ಇದು ಪೈಥಾನ್‌ನ ಅಧಿಕೃತ ಪ್ರಶ್ನೋತ್ತರ ಪುಟದಲ್ಲೇ ಜಾಗ ಪಡೆದ ಪ್ರಶ್ನೆ. ನಡೆಯುವುದು ಹೀಗೆ. ಲಿಸ್ಟ್ ಮೇಲಿನ += ಎರಡು ಹೆಜ್ಜೆಯ ಕೆಲಸ. ಮೊದಲ ಹೆಜ್ಜೆಯಲ್ಲಿ ಇದ್ದ ಲಿಸ್ಟನ್ನೇ ಬೆಳೆಸುತ್ತದೆ, ಅದಕ್ಕೆ ಲಿಸ್ಟ್ ಒಪ್ಪುತ್ತದೆ. ಎರಡನೆಯ ಹೆಜ್ಜೆಯಲ್ಲಿ ಆ ಲಿಸ್ಟನ್ನು ಮತ್ತೆ ಟ್ಯೂಪಲ್‌ನ ಅದೇ ಸ್ಥಾನಕ್ಕೆ ಹಾಕಲು ಹೋಗುತ್ತದೆ, ಅದಕ್ಕೆ ಟ್ಯೂಪಲ್ ಒಪ್ಪುವುದಿಲ್ಲ. ಟ್ಯೂಪಲ್ ಹಿಡಿದಿರುವುದು "ಈ ಸ್ಥಾನದಲ್ಲಿ ಈ ವಸ್ತು" ಎಂಬುದನ್ನು ಮಾತ್ರ. ಆ ವಸ್ತು ತನ್ನೊಳಗೆ ಏನಾಗುತ್ತದೆ ಎಂಬುದು ಅದರ ಕೈಯಲ್ಲಿಲ್ಲ.

ಎರಡು ಸಲ ಅಳೆದ ದಿನಕ್ಕೆ ಕೀಯಲ್ಲೇ ಇನ್ನೊಂದು ಸ್ಥಾನ ಸೇರಿಸಿ: "ಬೆಳಿಗ್ಗೆ" ಅಥವಾ "ಸಂಜೆ". ಆಗ ಕೀಗೆ ಐದು ಭಾಗ. ಎಲ್ಲ ಕೀಗಳಿಗೂ ಐದೇ ಇರಲಿ. ಕೆಲವಕ್ಕೆ ನಾಲ್ಕು, ಕೆಲವಕ್ಕೆ ಐದು ಆದರೆ ಬಿಡಿಸುವಾಗ ಒಂದಲ್ಲ ಒಂದು ಕಡೆ ನಿಲ್ಲುತ್ತದೆ. ಬಿಡಿಸುವಾಗ ಬ್ಲಾಕ್ ಒಂದನ್ನು ಬೇರೆ ಮಾಡಿ ಉಳಿದದ್ದನ್ನು ಒಟ್ಟಿಗೆ ಹಿಡಿಯಬೇಕೆಂದರೆ ನಕ್ಷತ್ರ ಚಿಹ್ನೆ ಇದೆ:

ಕೀ = ("ಹಳ್ಳದ ಬ್ಲಾಕ್", 2023, 4, 17, "ಬೆಳಿಗ್ಗೆ")
ಬ್ಲಾಕ್, *ಉಳಿದದ್ದು = ಕೀ

ಬಿಡಿಸಿದ್ದು ಟ್ಯೂಪಲ್ ಆದರೂ "ಉಳಿದದ್ದು" ಯಾವಾಗಲೂ ಲಿಸ್ಟ್ ಆಗಿ ಬರುತ್ತದೆ. ಅದನ್ನು ಮತ್ತೆ ಕೀ ಮಾಡಬೇಕಾದರೆ ಟ್ಯೂಪಲ್ ಆಗಿ ತಿರುಗಿಸಿಕೊಳ್ಳಬೇಕು.

ಟ್ಯೂಪಲ್‌ಗೆ ಒಂದು ನಿಜವಾದ ದೌರ್ಬಲ್ಯವಿದೆ, ಅದನ್ನು ಮುಚ್ಚಿಡಬಾರದು. ಸ್ಥಾನದ ಅರ್ಥ ಬರೆದವರ ತಲೆಯಲ್ಲಿ ಉಳಿಯುತ್ತದೆ, ಕೋಡಿನಲ್ಲಿ ಕಾಣುವುದಿಲ್ಲ. ಬೆಳಿಗ್ಗೆ ಎಂಟೂವರೆಗೆ ಅಳೆದು 17ನೇ ತಾರೀಖಿನ ಎದುರು ಬರೆದ ಮಳೆ ಬಹುತೇಕ 16ರ ಸಂಜೆ, ರಾತ್ರಿ ಸುರಿದದ್ದು. ನಮ್ಮ ಹವಾಮಾನ ಇಲಾಖೆಯೂ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯ ಮಳೆಯನ್ನೇ ಆ ದಿನದ ಲೆಕ್ಕಕ್ಕೆ ಹಿಡಿಯುತ್ತದೆ. ಕೀಯಲ್ಲಿರುವ 17 ಎಂದರೆ ಸುರಿದ ದಿನವೋ ಅಳೆದ ದಿನವೋ ಎಂದು ಟ್ಯೂಪಲ್ ಹೇಳುವುದಿಲ್ಲ. ಒಂದು ಸಾಲು ಟಿಪ್ಪಣಿಯನ್ನು ಕೋಡಿನ ತಲೆಯ ಮೇಲೆ ಖಂಡಿತ ಬರೆದಿಡಿ.

ಭಾಗಗಳು ಮೂರು ನಾಲ್ಕು ದಾಟಿದ ಮೇಲೆ ನಾನು ನೇಮ್ಡ್‌ಟ್ಯೂಪಲ್ ಕಡೆಗೆ ಹೋಗುತ್ತೇನೆ. ಕಲೆಕ್ಷನ್ಸ್ ಮಾಡ್ಯೂಲ್‌ನಲ್ಲಿ, ಪೈಥಾನ್ 2.6ರಿಂದಲೂ ಇದೆ. ಅಳತೆ[0] ಎನ್ನುವ ಬದಲು ಅಳತೆ.ಇಂಚು ಎಂದು ಬರೆಯಬಹುದು. ಹೆಸರು ಬಂದರೂ ಅದು ಟ್ಯೂಪಲ್ಲೇ: ಬಿಡಿಸಬಹುದು, ಹೋಲಿಸಬಹುದು, ಕೀ ಆಗಿಸಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ಇಂಚು, ಸೆಂಟಿನ ನೇಮ್ಡ್‌ಟ್ಯೂಪಲ್ (2, 35) ಮತ್ತು ಎಕರೆ, ಗುಂಟೆಯ ನೇಮ್ಡ್‌ಟ್ಯೂಪಲ್ (2, 35) ಎರಡೂ ಸಮವೇ ಎಂದು ಕೇಳಿದರೆ ಪೈಥಾನ್ ಹೌದು ಎನ್ನುತ್ತದೆ. ಹೆಸರು ಓದುವವರ ಅನುಕೂಲಕ್ಕೆ, ಹೋಲಿಕೆ ಇನ್ನೂ ಸ್ಥಾನ ನೋಡಿಯೇ. ಮಳೆ ಮತ್ತು ಜಮೀನು ಎಂದೂ ಸಮವಾಗಬಾರದು ಎಂದಿದ್ದರೆ ಡೇಟಾಕ್ಲಾಸ್ ಬೇಕು, ಅದು ಒಂದೇ ಕ್ಲಾಸಿನ ವಸ್ತುಗಳನ್ನು ಮಾತ್ರ ತಮ್ಮೊಳಗೆ ಹೋಲಿಸುತ್ತದೆ.

ವೇಗದೂತ ಅವರ ನಕ್ಷತ್ರಗಳ ಮಾತನ್ನು ಒಪ್ಪುತ್ತೇನೆ. ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಎಂಬ ಆ ಸಾಲು ಒಂದೇ ಜಾತಿಯ ಹೆಸರುಗಳದ್ದಾದರೂ ಅದಕ್ಕೆ ಯಾರೂ ಹೊಸ ನಕ್ಷತ್ರ ಸೇರಿಸುವುದಿಲ್ಲ. ಅಲ್ಲಿ ಟ್ಯೂಪಲ್ ಸರಿಯಾದ ಆಯ್ಕೆ.

ಉತ್ತರ: ಸಾಲು ಕಾಲಂ

ನನ್ನ ಕೆಲಸ ಡೇಟಾಬೇಸ್‌ನದು. ಈ ಲೆಕ್ಕವನ್ನು ಫೈಲಿನಲ್ಲಿ ಉಳಿಸುವ ಹೊತ್ತಿಗೆ ಎದುರಾಗುವ ಎರಡು ವಿಷಯಗಳನ್ನು ಸೇರಿಸುತ್ತೇನೆ.

ದತ್ತಾಂಶವನ್ನು ಪಠ್ಯವಾಗಿ ಉಳಿಸುವ ಜೇಸನ್ ಫೈಲಿಗೆ ಬರೆದರೆ ಟ್ಯೂಪಲ್ ಉಳಿಯುವುದಿಲ್ಲ. ಜೇಸನ್‌ಗೆ ಗೊತ್ತಿರುವುದು ಒಂದೇ ಬಗೆಯ ಸಾಲು, ಹಾಗಾಗಿ (1, 35) ಒಳಗೆ ಹೋಗಿ ಹೊರಗೆ ಬರುವಾಗ [1, 35] ಆಗಿರುತ್ತದೆ. ಟ್ಯೂಪಲ್ ಕೀ ಆಗಿರುವ ಡಿಕ್ಷನರಿಯನ್ನಂತೂ ಅದು ತೆಗೆದುಕೊಳ್ಳುವುದೇ ಇಲ್ಲ, ಟೈಪ್ ಎರರ್ ಕೊಡುತ್ತದೆ.

ನಿಮ್ಮ ದತ್ತಾಂಶಕ್ಕೆ ಎಸ್‌ಕ್ಯುಲೈಟ್ ಎಂಬ ಸಣ್ಣ ಡೇಟಾಬೇಸ್ ಹೇಳಿ ಮಾಡಿಸಿದಂತಿದೆ. ಪೈಥಾನ್ ಜೊತೆಯಲ್ಲೇ ಬರುತ್ತದೆ, ಬೇರೆ ಏನೂ ಹಾಕಿಕೊಳ್ಳಬೇಕಾಗಿಲ್ಲ. ಬ್ಲಾಕ್, ವರ್ಷ, ತಿಂಗಳು, ದಿನ, ಹೊತ್ತು ಎಂಬ ಐದು ಕಾಲಂಗಳನ್ನು ಒಟ್ಟಿಗೆ ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕೀ) ಮಾಡಿ. ಮೇಷ್ಟ್ರು ಹೇಳಿದ ಐದು ಭಾಗದ ಕೀ ಅಲ್ಲಿ ಹಾಗೆಯೇ ಕೂರುತ್ತದೆ, ಒಂದೇ ಹೊತ್ತಿನ ಮಳೆಯನ್ನು ಎರಡು ಬಾರಿ ಸೇರಿಸಲು ಹೋದರೆ ಡೇಟಾಬೇಸ್ ತಡೆಯುತ್ತದೆ. ಹೊರಗೆ ತೆಗೆದ ಪ್ರತಿ ಸಾಲೂ ಪೈಥಾನ್‌ಗೆ ಟ್ಯೂಪಲ್ ಆಗಿಯೇ ಬಂದು ಸೇರುತ್ತದೆ.

ಅಲ್ಲಿ ಒಂಟಿ ಅಲ್ಪವಿರಾಮ ಮತ್ತೆ ಕಾಡುತ್ತದೆ. ಡೇಟಾಬೇಸಿಗೆ ಕೊಡುವ ಆದೇಶದಲ್ಲಿ, ಆಮೇಲೆ ತುಂಬಲೆಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟ ಜಾಗಕ್ಕೆ ಊರಿನ ಹೆಸರು ಕೊಡುವಾಗ ("ಹಾಸನ",) ಎಂದು ಕೊಡಬೇಕು. ("ಹಾಸನ") ಎಂದು ಕೊಟ್ಟರೆ ಎಸ್‌ಕ್ಯುಲೈಟ್ ಆ ಸ್ಟ್ರಿಂಗನ್ನೇ ಒಂದು ಸಾಲೆಂದು ಭಾವಿಸಿ, ಬೇಕಾದದ್ದು ಒಂದು, ಕೊಟ್ಟದ್ದು ನಾಲ್ಕು ಎಂದು ದೂರುತ್ತದೆ. ಹಾಸನ ಎಂದರೆ ಮೂರಕ್ಷರ, ನಾಲ್ಕು ಎಲ್ಲಿಂದ ಬಂತು? ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿಯಾದ ಯುನಿಕೋಡ್‌ನಲ್ಲಿ ಹಾ ಎಂಬುದು ಹ ಮತ್ತು ದೀರ್ಘದ ಚಿಹ್ನೆ ಎಂಬ ಎರಡು ಸಂಕೇತಗಳು. ಸ್ಟ್ರಿಂಗನ್ನು ಟ್ಯೂಪಲ್ ಆಗಿ ಒಡೆದರೆ ಕಾಣುವುದು ಇದು:

('ಹ', 'ಾ', 'ಸ', 'ನ')

ಕನ್ನಡ ದತ್ತಾಂಶದ ಜೊತೆ ಕೆಲಸ ಮಾಡುವವರಿಗೆ ಈ ಎರರ್ ಸಂದೇಶದ ಅಂಕಿ ಬಹಳ ಸಲ ಅಕ್ಷರಗಳ ಎಣಿಕೆಗೆ ಹೊಂದುವುದಿಲ್ಲವಾದ್ದರಿಂದ ಕಾರಣ ಹೊಳೆಯುವುದು ತಡ. ಅಂಥ ಸಂದೇಶ ಕಂಡ ಕೂಡಲೇ ಅಲ್ಪವಿರಾಮ ಇದೆಯೇ ಎಂದು ನೋಡಿ.

ಪ್ರತಿಕ್ರಿಯೆ: ಕಾಫಿಕಣ

ಎಸ್‌ಕ್ಯುಲೈಟ್‌ಗೆ ಹೋಗುತ್ತೇನೆ. ಐದು ಭಾಗದ ಕೀ ಇಟ್ಟು 2023ರ ಜನವರಿಯಿಂದ ಮೇವರೆಗಿನ ಪುಟಗಳನ್ನು ಹಾಕಿ ಆಯಿತು. ಎಂಟೂವರೆಯ ವಿಷಯ ಅಪ್ಪನನ್ನು ಕೇಳಿದೆ. ಪುಸ್ತಕದಲ್ಲಿರುವುದು ಅಳೆದ ದಿನದ ತಾರೀಖು ಎಂದು ಖಚಿತವಾಗಿ ಹೇಳಿದರು, ಅದನ್ನು ಟಿಪ್ಪಣಿಯಾಗಿ ಬರೆದಿಟ್ಟಿದ್ದೇನೆ. ಇನ್ನೊಂದು ಸಣ್ಣ ಸಂದೇಹ: ಬ್ಲಾಕ್ ಪ್ರಕಾರ ಅಲ್ಲದೆ ತಾರೀಖಿನ ಪ್ರಕಾರ ಎಲ್ಲವನ್ನೂ ಜೋಡಿಸಿ ನೋಡಬೇಕೆಂದರೆ ಏನು ಮಾಡಬೇಕು? ಈಗ ಹಳ್ಳದ ಬ್ಲಾಕಿನದೆಲ್ಲ ಮುಗಿದ ಮೇಲೆ ಗುಡ್ಡದ ಬ್ಲಾಕಿನದು ಬರುತ್ತಿದೆ.

ಉತ್ತರ: ಲ್ಯಾಬ್ ಮೇಷ್ಟ್ರು

ಹೋಲಿಕೆ ಎಡದಿಂದ ಶುರುವಾಗುವುದರಿಂದ, ಕೀಯನ್ನು ಹಾಗೆಯೇ ವಿಂಗಡಿಸಿದರೆ ಮೊದಲ ಸ್ಥಾನದಲ್ಲಿರುವ ಬ್ಲಾಕ್ ಹೆಸರೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಆಗ "ಗುಡ್ಡದ ಬ್ಲಾಕ್" ಹಾಗೂ "ಹಳ್ಳದ ಬ್ಲಾಕ್"ಗಳಲ್ಲಿ ಗ ಮೊದಲು, ಹ ಆಮೇಲೆ. ನಿಮಗೆ ಹಳ್ಳದ್ದು ಮೊದಲು ಬರುತ್ತಿದೆ ಎಂದರೆ ಸಾಲುಗಳು ಇನ್ನೂ ವಿಂಗಡಣೆಯೇ ಆಗಿಲ್ಲ, ನೀವು ಹಾಕಿದ ಕ್ರಮದಲ್ಲೇ ಹೊರಬರುತ್ತಿವೆ. ವಿಂಗಡಿಸುವ ಮುನ್ನ ಪ್ರತಿ ಕೀಯನ್ನೂ ಬಿಡಿಸಿ, ಬ್ಲಾಕನ್ನು ಕೊನೆಗೆ ತಳ್ಳಿ ಹೊಸ ಟ್ಯೂಪಲ್ ಕಟ್ಟಿಕೊಳ್ಳಿ:

ಬ್ಲಾಕ್, ವರ್ಷ, ತಿಂಗಳು, ದಿನ, ಹೊತ್ತು = ಕೀ
ಹೊಸಕೀ = (ವರ್ಷ, ತಿಂಗಳು, ದಿನ, ಹೊತ್ತು, ಬ್ಲಾಕ್)

"ಬೆಳಿಗ್ಗೆ" ಮತ್ತು "ಸಂಜೆ" ಎಂಬ ಪದಗಳು ಯುನಿಕೋಡ್ ಕ್ರಮದಲ್ಲಿ ಹೋಲಿಕೆಯಾಗುತ್ತವೆ. ಬ ಅಕ್ಷರ ಸ ಅಕ್ಷರಕ್ಕಿಂತ ಮುಂಚೆ ಇರುವುದರಿಂದ ನಿಮಗೆ ಸರಿಯಾದ ಕ್ರಮವೇ ಸಿಗುತ್ತದೆ. ಮುಂದೆ "ಮಧ್ಯಾಹ್ನ" ಸೇರಿಸಿದರೂ ಮ ಅಕ್ಷರ ಇವೆರಡರ ನಡುವೆ ಬರುತ್ತದೆ. "ರಾತ್ರಿ" ಸೇರಿಸಿದ ದಿನ ಮಾತ್ರ ಅದು ಸಂಜೆಗಿಂತ ಮುಂಚೆ ಬಂದುಬಿಡುತ್ತದೆ. ಆಗ ಪದಗಳ ಬದಲು 1, 2, 3, 4 ಎಂದು ಅಂಕಿಗಳನ್ನು ಇಟ್ಟುಕೊಳ್ಳಿ.